ಆಕಳಿಕೆಗೆ ಹೋದ ಪುಟ

ಸಾಸಿವೆ ಎಣ್ಣೆಯ ವಾಸನೆ ಬಂದರೆ ಈಗಲೂ ಅಮೆರಿಕದ ರೌಂಡ್ ರಾಕ್‌ನಲ್ಲಿದ್ದ ನಮ್ಮ ಪಕ್ಕದ ಮನೆಯ ಗ್ಯಾರೇಜು ಕಣ್ಣೆದುರು ಬರುತ್ತದೆ.

ಆ ಮನೆಯ ಆಂಟಿ ಮೈಸೂರಿನವರು, ಅಂಕಲ್ ಬಿಹಾರದವರು. ಅಂಕಲ್‌ರ ತಂದೆ ತಮ್ಮ ಹೊಳೆದಂಡೆಯ ಊರಿನ ಬಗ್ಗೆಯೇ ಹಿಂದಿಯಲ್ಲಿ ಕಾದಂಬರಿ ಬರೆಯುತ್ತಿದ್ದರು. ಏಸಿ ಒಗ್ಗದೆ, ಮೈಗೆಲ್ಲ ಸಾಸಿವೆ ಎಣ್ಣೆ ಹಚ್ಚಿಕೊಂಡು ಗ್ಯಾರೇಜಿನಲ್ಲೇ ಕೂರುತ್ತಿದ್ದರು. ಒಂದು ಮಧ್ಯಾಹ್ನ ನನ್ನನ್ನು ಎದುರಿಗೆ ಕೂರಿಸಿಕೊಂಡು, ದೋಣಿಯಲ್ಲಿ ಹೊಳೆ ದಾಟುವ ಮದುವಣಗಿತ್ತಿಯ ಕಥೆ ಓದಿದರು. ನನ್ನ ಅರೆಬರೆ ಹಿಂದಿಗೆ ತಿಳಿದದ್ದು ಅಷ್ಟೇ. ಸೆಕೆಗೆ ಬಾಯ್ತುಂಬ ಆಕಳಿಸಿದೆ. ಅವರು ನಕ್ಕು, ನನ್ನ ತಲೆ ಸವರಿ, ಆ ಪುಟದ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದುಬಿಟ್ಟರು.

“ವೈ, ಆಂಟಿ?” ಎಂದು ಅಲ್ಲೇ ಬಟ್ಟೆ ಮಡಚುತ್ತಿದ್ದ ಆಂಟಿಯನ್ನು ಕೇಳಿದೆ.

“ಊರಲ್ಲಿ ಮಾವ ಬರೆದಿದ್ದನ್ನೆಲ್ಲ ಮೊದ್ಲು ದೋಣಿ ನಡೆಸೋ ಅಂಬಿಗನಿಗೆ ಓದಿ ಹೇಳೋರು. ಅವನು ಆಕಳಿಸಿದ್ರೆ ಆ ಪುಟ ಹೊಡೆದುಹಾಕೋರು. ಇಲ್ಲಿ ಅವ್ರಿಗೆ ನೀನೇ ಅಂಬಿಗ, ಪುಟ್ಟಿ.”

ಅಂಬಿಗನಾದ ಹೆಮ್ಮೆಯಲ್ಲಿ, ಬರೀ ನಿದ್ದೆ ಬಂದಿತ್ತೆಂದು ನಾನು ಹೇಳಲೇ ಇಲ್ಲ.

ಅವರು ತೀರಿಕೊಂಡ ಮೇಲೆ ಪುಸ್ತಕ ಅಚ್ಚಾಗಿ ಬಂತು. ಅಷ್ಟರಲ್ಲಿ ನಾನು ಹಿಂದಿ ಓದಲು ಕಲಿತಿದ್ದೆ. ಅದರಲ್ಲಿ ಮದುವಣಗಿತ್ತಿ ಈ ದಡದಲ್ಲಿ ದೋಣಿ ಹತ್ತಿದಳು. ಮುಂದಿನ ಸಾಲಿನಲ್ಲೇ ಆ ದಡದಲ್ಲಿ ಇಳಿದಳು.