ಕುದ್ರುವಿನ ಕೂ

ನನ್ನ ತಮ್ಮ ಜೀವಂತ ಹುಟ್ಟಿದ್ದು ದೈವದ ದಯೆಯಿಂದಲ್ಲ, ನನ್ನ ಗಂಟಲಿನಿಂದ.

ಮೊನ್ನೆ ಮಗ ಬಾಗಿಲಿಗೆ ಗೇರೆಣ್ಣೆ ಬಳಿಯುತ್ತಿದ್ದ. ದೋಣಿಗೆ ಬಳಿಯುತ್ತಿದ್ದದ್ದೂ ಅದೇ. ಆ ವಾಸನೆಗೆ ಆ ಮಧ್ಯಾಹ್ನ ನೆನಪಾಯಿತು.

ನಮ್ಮ ಮನೆ ಇದ್ದದ್ದು ಹೊಳೆಯ ನಡುವಿನ ಕುದ್ರುವಿನಲ್ಲಿ. ದೋಣಿ ಬೇಕಾದರೆ ದಡದಲ್ಲಿ ನಿಂತು ಕೂ ಹಾಕಬೇಕು. ಮನೆಗೊಂದು ಕೂ, ನಮ್ಮದು ಎರಡು ಗಿಡ್ಡ, ಒಂದು ಉದ್ದ. ಅದು ಗಂಡಸರ ಕೆಲಸ. ಅಂದು ಅಪ್ಪ ಸಂತೆಗೆ ಹೋಗಿದ್ದಾಗ ಅಮ್ಮನಿಗೆ ಹೆರಿಗೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿ ಐಸಮ್ಮನ ಮನೆ ಆಚೆ ದಡದಲ್ಲಿ. ನಮ್ಮ ಕೂ ಕೇಳಿದರೆ ಐಸಮ್ಮನನ್ನೇ ಕರೆತರಬೇಕೆಂದು ಅಪ್ಪ ದೋಣಿಯವನಿಗೆ ಮೊದಲೇ ಹೇಳಿಟ್ಟಿದ್ದರು.

“ಹೆಣ್ಣುಮಕ್ಕಳು ಕೂ ಹಾಕುದಲ್ಲ. ಅಪ್ಪ ಬರಲಿ,” ಎಂದರು ಅಜ್ಜಿ.

ನಾನು ಓಡಿದೆ. ಮೊಣಕಾಲುದ್ದದ ನೀರಿನಲ್ಲಿ ನಿಂತು, ಆಚೆ ದೋಣಿ ಬಿಚ್ಚುವುದು ಕಾಣುವವರೆಗೂ ಕೂ ಹಾಕಿ, ಅಮ್ಮನ ಬಳಿಗೆ ವಾಪಸ್ ಬಂದೆ.

ಮಗು ಅತ್ತ ಮೇಲೆ ಐಸಮ್ಮ ಕೈ ತೊಳೆಯುತ್ತಾ ಕೇಳಿದರು, “ಯಾವ ಗಂಡಸು ಮಾರಾಯ್ರೆ ಕೂ ಹಾಕಿದ್ದು? ನಮ್ಮ ಕಡೆಯ ನಾಯಿಗಳೆಲ್ಲ ಊಳಿಟ್ಟವು!”

“ಗಂಡಸು ಎಂತದು? ದೈವವೇ ನಿಮ್ಮನ್ನು ಕಳಿಸಿದ್ದು,” ಎಂದರು ಅಜ್ಜಿ, ನನ್ನ ಮುಖ ನೋಡದೆ.

ಮರುದಿನ ಬೆಳಿಗ್ಗೆ ಅಜ್ಜಿ ದೈವಕ್ಕೆ ದೀಪ ಇಡುವಾಗ ನಾನು ಅಂಗಳದಲ್ಲೇ ನಿಂತು ಕೂ ಹಾಕಿದೆ. ಆಚೆ ದಡದ ನಾಯಿಗಳೆಲ್ಲ ಮತ್ತೆ ಊಳಿಟ್ಟವು.