ದಿನಾ ಇರುವ ಸಪ್ಪಳ

“ಇವರಿಗೆ ಕಿವಿ ಕೇಳಂಗಿಲ್ರಿ ಡಾಕ್ಟರ್ರ,” ಎಂದಳು ನೇಕಾರನ ಹೆಂಡತಿ. “ನಾ ಹತ್ತು ಸಲ ಒದರಿದ್ರೂ ಹ್ಞೂಂ ಅನ್ನಂಗಿಲ್ಲ.”

ಡಾಕ್ಟರು ಅವನ ಕಿವಿಗೆ ಯಂತ್ರ ಹಚ್ಚಿ ನೋಡಿದರು. ಅತಿ ಸಣ್ಣ ಸದ್ದಿಗೂ ಅವನು ಬೆರಳೆತ್ತಿದ.

“ಕಿವಿ ಭೇಷ್ ಅದಾವ. ಯಜಮಾನ್ರ, ಮನ್ಯಾಗ ಮಗ್ಗದ ಸಪ್ಪಳ ತ್ರಾಸ ಕೊಡ್ತೈತೇನು?”

“ಇಪ್ಪತ್ತು ವರ್ಷ ಆತ್ರಿ. ಈಗ ಅದು ಕೇಳಸಂಗೇ ಇಲ್ಲ.”

“ನೋಡ್ರಿ ಅಕ್ಕಾರ, ದಿನಾ ಇರೋ ಸಪ್ಪಳಾನ ಮೆದುಳು ಸೋಸಿ ಹೊರಗ ಹಾಕ್ತೈತಿ. ನಿಮ್ಮ ದನೀನೂ ಹಂಗ ಆಗೇತಿ. ಅದು ನಿಂತಾಗಷ್ಟ ಗೊತ್ತಾಗೂದು.”

ಮರುದಿನದಿಂದ ಅವಳು ಬಾಯಿ ಬಿಚ್ಚಲಿಲ್ಲ. ಮೊದಲ ದಿನ ಅವನು ತಲೆ ಎತ್ತಲಿಲ್ಲ. ಎರಡನೆಯ ದಿನ ನೇಯುತ್ತ ನೇಯುತ್ತ ಅತ್ತಿತ್ತ ನೋಡಿದ. ಅವಳು ಒಳಗೊಳಗೇ ಹಿಗ್ಗಿದಳು. ಮೂರನೆಯ ದಿನ ಮಗ್ಗ ಬಂದ್ ಮಾಡಿ, ಎದ್ದು ಸೀದಾ ಅವಳ ಎದುರಿಗೇ ಬಂದು ನಿಂತ. ಅವಳು ಸೆರಗು ಸರಿಮಾಡಿಕೊಂಡಳು. ಅವನು ಅವಳ ಹಿಂದಿನ ಗೂಟದಿಂದ ಅಂಗಿ ತೆಗೆದುಕೊಂಡ.

“ಮಿಸ್ತ್ರೀನ ಕರಕೊಂಡ ಬರ್ತೀನಿ,” ಎಂದ. “ಮಗ್ಗದಾಗ ಏನೋ ಕೆಟ್ಟೈತಿ. ಮೂರು ದಿನ ಆತು, ಒಂದು ಸಪ್ಪಳ ಕಡಿಮಿ ಬರಾಕತ್ತೈತಿ.”