ಹೆಜ್ಜೇನಿನ ಹಾಡಿನ ಅರ್ಥ

ಹೆಜ್ಜೇನು ಇಳಿಸುವ ಮುನ್ನ ಸೋಲಿಗರು ಹಾಡುವ ಹಾಡುಗಳ ಮೇಲೆ ಮಾದೇವಿ ಪಿಎಚ್.ಡಿ. ಮಾಡುತ್ತಿದ್ದಳು. ಹೊರಗಿನವರು ಕೇಳಿದರೆ ಬಾಯಿ ಬಿಡದ ಅಜ್ಜಿ ಕೇತಮ್ಮ, ಮೊಮ್ಮಗಳ ರೆಕಾರ್ಡರಿನ ಮುಂದೆ ನಾಲ್ಕು ವರ್ಷ ಕೂತು ಒಂದೊಂದು ಹಾಡಿಗೂ ಅರ್ಥ ಹೇಳಿದಳು. ಅದೆಲ್ಲ ಸೇರಿ ಮುನ್ನೂರು ಪುಟವಾಯಿತು.

ಪದವಿ ಸಿಕ್ಕ ಮರುದಿನವೇ ಮಾದೇವಿ ಕಾಡಂಚಿನ ತಮ್ಮ ಸೋಲಿಗರ ಪೋಡಿಗೆ ಬಂದು, ದಪ್ಪ ಪ್ರಬಂಧವನ್ನು ಅಜ್ಜಿಯ ಮಡಿಲಲ್ಲಿಟ್ಟಳು. ಅಜ್ಜಿ ಅದರ ರಟ್ಟು ಸವರಿದಳು.

"ಬರ್ಯಾದೆಲ್ಲ ಮುಗೀತಾ ಮಗ?"

"ಮುಗೀತಜ್ಜಿ. ನೀ ಹೇಳಿದ್ ಅರ್ಥಾನ ದೊಡ್ಡ ದೊಡ್ಡ ಮೇಷ್ಟ್ರುಗಳೆಲ್ಲ ಮೆಚ್ಕೊಂಡ್ರು."

"ಇನ್ನು ಯಾರ್ಗೂ ಬರ್ದು ಕೊಡಂಗಿಲ್ಲ ತಾನೇ?"

"ಇಲ್ಲ."

ಅಜ್ಜಿ ಪ್ರಬಂಧವನ್ನು ಪಕ್ಕಕ್ಕಿಟ್ಟು ಚಾಪೆಯಲ್ಲಿ ಜಾಗ ಮಾಡಿದಳು.

"ಹಂಗಾದ್ರೆ ಬಾ, ಕುಂತ್ಕೊ. ಈಗ ನಿಜವಾದ್ ಅರ್ಥ ಹೇಳ್ತೀನಿ."